ಆರ್ಕಿಡ್ ಕುಂಡಕ್ಕೆ ವಾರಕ್ಕೆಷ್ಟು ಸಲ ನೀರು?

ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿದ್ದೇವೆ. ಫೆಬ್ರವರಿಯಲ್ಲಿ ಹೂಬಿಟ್ಟಿದ್ದ ಎರಡು ಫಲೆನಾಪ್ಸಿಸ್ ಮತ್ತು ಒಂದು ಡೆಂಡ್ರೋಬಿಯಂ ಆರ್ಕಿಡ್ ತಂದೆವು. ವಾರಕ್ಕೊಮ್ಮೆ ನೀರು ಸಾಕು ಎಂದು ಮಾರಿದವರು ಹೇಳಿದರು. ದಿನವೂ ಎಲೆಗೆ ನೀರು ಚಿಮುಕಿಸಿ ಎಂದು ಪಕ್ಕದ ಮನೆಯವರು. ಐಸ್ ತುಂಡು ಇಡಿ ಎಂದು ಒಂದು ವಿಡಿಯೊ. ನಾನು ಪ್ರತಿ ಭಾನುವಾರ ತಪ್ಪದೆ ಒಂದೊಂದು ಲೋಟ ನೀರು ಹಾಕಿಕೊಂಡು ಬಂದೆ. ಈಗ ಏಪ್ರಿಲ್‌ನಲ್ಲಿ ಒಂದು ಫಲೆನಾಪ್ಸಿಸ್‌ನ ಎಲೆಗಳು ಸುಕ್ಕುಗಟ್ಟಿ ಜೋತಿವೆ. ನೀರು ಸಾಲದೇನೋ ಎಂದು ಎರಡು ದಿನಕ್ಕೊಮ್ಮೆ ಹಾಕಿದೆ; ಇನ್ನೂ ಜೋತವು. ಇನ್ನೊಂದು ಊಟದ ಮೇಜಿನ ಮೇಲಿದೆ, ಅದರ ಮೊಗ್ಗುಗಳು ಹಳದಿಯಾಗಿ ಉದುರಿದವು. ಡೆಂಡ್ರೋಬಿಯಂನ ಎಲೆಯೂ ಉದುರುತ್ತಿದೆ. ಸರಿಯಾಗಿ ಹೇಳಿ, ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು? ಚಿತ್ರಗಳನ್ನು ಕಳಿಸಿದ್ದೇನೆ.

ಉತ್ತರ: ಇದನ್ನು ಓದಿ ಮುಗಿಸುವವರೆಗೆ ನೀರಿನ ಲೋಟ ಮುಟ್ಟಬೇಡಿ. ನೀವು ಕಳಿಸಿದ ಎರಡನೆಯ ಚಿತ್ರದಲ್ಲಿ, ಜೋತ ಎಲೆಗಳ ಕೆಳಗೆ, ನೀಲಿ ಬಣ್ಣದ ಚೆಂದದ ಪಿಂಗಾಣಿ ಕುಂಡವೊಂದು ಕಾಣುತ್ತಿದೆ. ಗಿಡದ ಜೊತೆ ಬಂದ ಪ್ಲಾಸ್ಟಿಕ್ ಕುಂಡವನ್ನು ಹಾಗೆಯೇ ಅದರೊಳಗೆ ಇಳಿಸಿದ್ದೀರಿ. ಆ ಪಿಂಗಾಣಿಯ ತಳದಲ್ಲಿ ತೂತು ಇದೆಯೇ? ಇರಲಾರದು, ಮೇಜಿನ ಮೇಲೆ ಇಡಲೆಂದು ಮಾಡಿದ ಇಂಥ ಕುಂಡಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಮೇಲಕ್ಕೆತ್ತಿ ಅಡಿಯಲ್ಲಿ ಏನಿದೆ ನೋಡಿ. ಎರಡು ಬೆರಳು ನೀರು ನಿಂತಿದ್ದರೆ, ಅದಕ್ಕೆ ವಾರಗಟ್ಟಲೆ ಬದಲಾಯಿಸದ ಹೂದಾನಿಯ ವಾಸನೆ ಬರುತ್ತಿದ್ದರೆ, ನಿಮ್ಮ ಗಿಡ ಮುಳುಗಿ ಜೋತಿದೆ. ಬಾಯಾರಿಕೆಯ ಮಾತೇ ಇಲ್ಲ.

ಎಲ್ಲರೂ ಎಡವುವ ಜಾಗ ಇದು. ಫಲೆನಾಪ್ಸಿಸ್‌ನ ದಪ್ಪ ಎಲೆಯೇ ಅದರ ನೀರಿನ ಗಡಿಗೆ. ಬೇರಿನಿಂದ ನೀರು ಬರುವುದು ನಿಂತರೆ ಗಡಿಗೆ ಬರಿದಾಗಿ ಎಲೆ ಸುಕ್ಕಾಗುತ್ತದೆ. ಬರುವುದು ಏಕೆ ನಿಂತಿತು ಎಂಬುದನ್ನು ಮಾತ್ರ ಎಲೆ ಹೇಳುವುದಿಲ್ಲ. ಕುಂಡ ಒಣಗಿ ನೀರೇ ಸಿಗದಿರಬಹುದು. ಕುಂಡದ ತುಂಬ ನೀರಿದ್ದೂ ಕೊಳೆತ ಬೇರಿಗೆ ಅದನ್ನು ಹೀರಲು ಆಗದಿರಬಹುದು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಸುಕ್ಕು ಕಂಡ ಕೂಡಲೇ ಮನಸ್ಸು ಕರಗಿ ಇನ್ನಷ್ಟು ನೀರು ಸುರಿಯುತ್ತೇವೆ, ಉಳಿದ ನಾಲ್ಕು ಬೇರೂ ಹೋಗುತ್ತವೆ. ನಾಚಿಕೆಪಡಬೇಡಿ. ನಾನು ಸಾಕಿದ ಮೊದಲ ಮೂರು ಆರ್ಕಿಡ್‌ಗಳನ್ನು ಹೀಗೆಯೇ ಕೊಂದೆ. ಅದರಲ್ಲೂ ಒಂದನ್ನು ಗುಲಾಬಿಗೆ ನೆಟ್ಟ ಹಾಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟಿದ್ದೆ. ಆರು ವಾರ ಬದುಕಿತ್ತು, ಪಾಪ.

ಹಾಗಾದರೆ ವಾರಕ್ಕೆಷ್ಟು ಸಲ? ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ನೀವು ಗಡಿಯಾರ ನೋಡುವುದಿಲ್ಲ, ಒಂದು ಅಗುಳು ಹಿಚುಕುತ್ತೀರಿ. ಅಕ್ಕಿ ಹಳೆಯದೋ ಹೊಸದೋ, ಉರಿ ಎಷ್ಟು, ಪಾತ್ರೆ ಯಾವುದು, ಎಲ್ಲ ಲೆಕ್ಕವೂ ಆ ಒಂದು ಅಗುಳಿನಲ್ಲಿ ಬಂದುಬಿಡುತ್ತದೆ. ಆರ್ಕಿಡ್ ಕುಂಡಕ್ಕೂ ಅಷ್ಟೇ. ಚೆನ್ನಾಗಿ ನೀರುಂಡ ಕುಂಡ ಒಣಗುವ ಹದಕ್ಕೆ ಬರಲು ನಿಮ್ಮ ಮನೆಯಲ್ಲಿ ಎಷ್ಟು ದಿನ ಹಿಡಿಯುತ್ತದೆ? ಆ ಸಂಖ್ಯೆಯೇ ಉತ್ತರ. ಅದು ಒಂದೇ ಮನೆಯ ಎರಡು ಕಿಟಕಿಗಳಲ್ಲಿ ಬೇರೆಬೇರೆ; ಏಪ್ರಿಲ್‌ನಲ್ಲಿ ಒಂದು, ಜುಲೈನಲ್ಲಿ ಇನ್ನೊಂದು. ಮಾರಿದವರು ಹೇಳಿದ ವಾರಕ್ಕೊಮ್ಮೆಯ ಲೆಕ್ಕ ಸುಳ್ಳೇನಲ್ಲ. ಅವರ ನೆರಳುಮನೆಯಲ್ಲಿ, ಆ ತಿಂಗಳಲ್ಲಿ, ತಳದಲ್ಲಿ ತೂತಿರುವ ಕುಂಡಕ್ಕೆ ಅದು ಸರಿಯಾಗಿಯೇ ಇದ್ದಿರಬಹುದು.

ನಾನು ಹುಟ್ಟಿದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ನಮ್ಮ ಹಿತ್ತಿಲ ಹಲಸಿನ ಮರದ ಕವಲಿನಲ್ಲಿ ಸೀತಾಳೆ ದಂಡೆ ಇತ್ತು. ಸಸ್ಯಶಾಸ್ತ್ರದವರು ರಿಂಕೋಸ್ಟೈಲಿಸ್ ರೆಟ್ಯೂಸಾ ಎನ್ನುವ ಆರ್ಕಿಡ್. ಮೊದಲ ಮಳೆಯ ಹೊತ್ತಿಗೆ ಬಿಳಿಯ ಮೇಲೆ ನೇರಳೆಗೆಂಪು ಚುಕ್ಕೆಯ ಹೂಗೊನೆ ಹೆಣೆದ ಜಡೆಯಂತೆ ಇಳಿಬೀಳುತ್ತಿತ್ತು. ಸೀತೆ ವನವಾಸದಲ್ಲಿ ಮುಡಿದದ್ದು ಎಂದು ಅಜ್ಜಿ ಹೇಳುತ್ತಿದ್ದಳು. ತೋಟದ ಕೆಲಸಕ್ಕೆ ಬರುವವರಿಗೆ ಅದೂ ಒಂದು ಬಂದಳಿಕೆ, ಕಿತ್ತು ಎಸೆಯಬೇಕಾದದ್ದು. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಕೂರಲು ಜಾಗ ಕೇಳುತ್ತದೆ, ಅಷ್ಟೆ. ಅದಕ್ಕೆ ಯಾರೂ ಒಂದು ದಿನವೂ ನೀರು ಹಾಕಿದವರಲ್ಲ. ಡಿಸೆಂಬರಿನಿಂದ ಬೇಸಿಗೆ ಮಳೆಯವರೆಗೆ ಇಬ್ಬನಿಯೇ ಗತಿ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಮಳೆ.

ನೀರು ಹೆಚ್ಚಾದರೆ ಆರ್ಕಿಡ್ ಸಾಯುತ್ತದೆ ಎನ್ನುವುದಾದರೆ ಆ ನಾಲ್ಕು ತಿಂಗಳು ಸೀತಾಳೆ ಕೊಳೆಯಲಿಲ್ಲವೇಕೆ? ತೊಗಟೆಯ ಮೇಲೆ ಚಾಚಿಕೊಂಡ ಬೇರಿನ ಮೇಲೆ ನೀರು ಹರಿದುಹೋಗುತ್ತದೆ, ನಿಲ್ಲುವುದಿಲ್ಲ. ಸುತ್ತ ಗಾಳಿ ಆಡುತ್ತಿರುತ್ತದೆ. ಮಳೆ ತುಸು ಹೊತ್ತು ಬಿಟ್ಟರೆ ಬೇರಿನ ಮೈ ಆರುತ್ತದೆ. ಅದೇ ಬೇರನ್ನು ಅದೇ ಮಳೆನೀರಿನಲ್ಲಿ ನಿಲ್ಲಿಸಿ, ಸುತ್ತ ಒದ್ದೆ ಪಾಚಿ ತುರುಕಿ ಗಾಳಿ ತಪ್ಪಿಸಿ ನೋಡಿ, ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಆಮ್ಲಜನಕ ಗಾಳಿಯಲ್ಲಿ ಚಲಿಸುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರಿಗೆ ಮೊದಲು ಉಸಿರು ಕಟ್ಟುತ್ತದೆ. ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಬರುವುದು ಆಮೇಲೆ. ಔಷಧಿ ಅಂಗಡಿಗೆ ಓಡುವವರು ಈ ಸರದಿಯನ್ನು ನೆನಪಿಡಬೇಕು.

ನಿಮ್ಮ ಫಲೆನಾಪ್ಸಿಸ್‌ನ ಹಿರಿಯರೂ ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳ ಕಾಡಿನಲ್ಲಿ ಹೀಗೆ ಮರದ ಮೇಲೆ ಬದುಕಿದವರೇ. ಅವುಗಳ ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ. ಕುಂಡದ ಅಂಚಿನಿಂದ ಹೊರಗೆ ಇಣುಕಿರುವ ದಪ್ಪ ಬೇರು ಬೂದುಬೆಳ್ಳಗೆ, ಸುಣ್ಣ ಬಳಿದ ಹಾಗೆ ಇದೆಯಲ್ಲ? ಬೆರಳ ತುದಿಯಿಂದ ಅದರ ಮೇಲೆ ಒಂದು ಹನಿ ನೀರು ಬಿಡಿ. ನೋಡುತ್ತಿದ್ದಂತೆ ಹನಿ ಬಿದ್ದ ಜಾಗ ಹಸಿರಾಗುತ್ತದೆ, ಹಸಿರು ಎರಡೂ ಕಡೆ ಹರಡುತ್ತದೆ. ಆ ಬಿಳಿ ಹೊದಿಕೆಯ ಹೆಸರು ವೆಲಮೆನ್. ಸತ್ತ, ಟೊಳ್ಳು ಜೀವಕೋಶಗಳ ಸ್ಪಂಜು. ಒಣಗಿದಾಗ ಅದರ ತುಂಬ ಗಾಳಿ, ಆದ್ದರಿಂದ ಬಿಳಿ. ನೆನೆದಾಗ ಪಾರದರ್ಶಕವಾಗಿ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಈ ಬೇರುಗಳಲ್ಲಿ ಎಲೆಯಲ್ಲಿರುವಂಥದೇ ಪತ್ರಹರಿತ್ತು ಇದೆ. ಮಳೆ ಬಂದಾಗ ಗಬಕ್ಕನೆ ಹೀರಿಕೊಂಡು, ಮಳೆ ನಿಂತಾಗ ಆರಿ ಉಸಿರಾಡುವ ಈ ಏರ್ಪಾಡು ನಮಗೆ ಪುಕ್ಕಟೆ ಸಿಕ್ಕ ಮಾಪಕವೂ ಹೌದು: ಬೇರು ಹಸಿರಾಗಿರುವವರೆಗೆ ನೀರು ಬೇಡ. ಬಿಳಿಯಾದರೆ ಯೋಚಿಸಿ. ಪಾರದರ್ಶಕ ಪ್ಲಾಸ್ಟಿಕ್ ಕುಂಡಗಳಲ್ಲಿ ಫಲೆನಾಪ್ಸಿಸ್ ಮಾರುವುದರ ಒಂದು ಅನುಕೂಲ ಇದೇ. ಅದನ್ನು ನೀಲಿ ಪಿಂಗಾಣಿಯೊಳಗೆ ಬಚ್ಚಿಟ್ಟರೆ ಮಾಪಕ ಕೈತಪ್ಪಿದಂತೆ.

ಒಂದು ಎಚ್ಚರಿಕೆ. ಹೊರಗೆ ಇಣುಕಿದ ಬೇರು ಬೇಗ ಬಿಳಿಯಾಗುತ್ತದೆ, ಒಳಗಿನದು ಇನ್ನೂ ಹಸಿರಾಗಿರುತ್ತದೆ. ನೋಡಬೇಕಾದದ್ದು ಕುಂಡದ ಗೋಡೆಗೆ ಅಂಟಿಕೊಂಡಿರುವ, ನಡುಮಟ್ಟದ ಬೇರುಗಳನ್ನು. ಗೋಡೆಯ ಒಳಮೈಗೆ ಬೆವರಿನಂತೆ ಹನಿ ಕಟ್ಟಿದ್ದರೆ ಒಳಗೆ ತೇವ ಸಾಕಷ್ಟಿದೆ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ತೂಕವನ್ನು. ಕುಂಡವನ್ನು ಚೆನ್ನಾಗಿ ನೆನೆಸಿ, ಸೋರಿದ ಮೇಲೆ ಒಂದು ಕೈಯಲ್ಲಿ ಎತ್ತಿ ನೋಡಿ. ಮರುದಿನ ಎತ್ತಿ, ಅದರ ಮರುದಿನವೂ ಎತ್ತಿ. ನಾಲ್ಕೈದನೆಯ ದಿನಕ್ಕೆ ಅಯ್ಯೋ ಇಷ್ಟು ಹಗುರವೇ ಎನಿಸುತ್ತದೆ. ಎರಡು ಸಲ ಹೀಗೆ ಮಾಡಿದರೆ ಕೈ ಕಲಿತುಬಿಡುತ್ತದೆ. ಸಿಲಿಂಡರ್ ಖಾಲಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡುವ ನಮ್ಮ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅದರ ಮೇಲಿಟ್ಟು ಎರಡು ಸಂಖ್ಯೆ ಬರೆದುಕೊಳ್ಳಿ. ಮಣ್ಣಿನ ಕುಂಡದಂಥ ಭಾರದ ಕುಂಡಕ್ಕೆ ಈ ಉಪಾಯ ಸಾಲದು. ಅಲ್ಲಿ ಬಿದಿರಿನ ಕಡ್ಡಿಯನ್ನು ಬೇರಿಗೆ ತಾಗದಂತೆ ನಡುವಿಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ತೇವ ಇದೆ. ಬೆರಳಿಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತದೆ.

ಕುಂಡದೊಳಗೆ ಏನು ತುಂಬಿದ್ದಾರೆ ಎಂಬುದರ ಮೇಲೆ ಇಡೀ ಲೆಕ್ಕ ಬದಲಾಗುತ್ತದೆ. ನಿಮ್ಮ ಚಿತ್ರದಲ್ಲಿ ಮೇಲೆ ಕಾಣುವ ಕಂದುಬಣ್ಣದ ನಾರಿನಂಥದ್ದು ಸ್ಫ್ಯಾಗ್ನಮ್ ಪಾಚಿ. ಅದು ತನ್ನ ಒಣ ತೂಕದ ಹತ್ತು ಪಟ್ಟಿಗೂ ಹೆಚ್ಚು ನೀರು ಹಿಡಿಯುತ್ತದೆ. ದೂರದಿಂದ ಪ್ರಯಾಣ ಮಾಡಿ ಬರುವ ಗಿಡ ದಾರಿಯಲ್ಲಿ ಒಣಗದಿರಲಿ ಎಂದು ಬೆಳೆಗಾರರು ಅದನ್ನು ಬೇರಿನ ಸುತ್ತ ಬಿಗಿಯಾಗಿ ಸುತ್ತುತ್ತಾರೆ. ಮೇಲ್ಭಾಗ ಗರಿಗರಿ ಒಣಗಿದ್ದರೂ ನಡುವಿನ ಉಂಡೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ಬೆರಳಿನಿಂದ ಮೇಲೆ ಮುಟ್ಟಿ ನೋಡಿ ಮೋಸ ಹೋಗುವುದು ಇಲ್ಲಿಯೇ. ಪೈನ್ ತೊಗಟೆಯ ಚೂರು ಬೇಗ ಆರುತ್ತದೆ. ಇದ್ದಿಲು, ಇಟ್ಟಿಗೆ ಚೂರು, ಹಂಚಿನ ಚೂರು ಇನ್ನೂ ಬೇಗ. ತೆಂಗಿನ ಸಿಪ್ಪೆಯ ತುಂಡು ಇವುಗಳ ನಡುವೆ ಎಲ್ಲೋ ಬರುತ್ತದೆ. ನಮ್ಮಲ್ಲಿ ಸುಲಭವಾಗಿ, ಅಗ್ಗಕ್ಕೆ ಸಿಗುತ್ತದೆ. ಆದರೆ ಬಳಸುವ ಮೊದಲು ಮೂರು ದಿನ ನೀರು ಬದಲಾಯಿಸುತ್ತ ನೆನೆಸಿ, ಚಹಾದಂಥ ಬಣ್ಣ ಬಿಡುವುದು ನಿಲ್ಲಬೇಕು. ಆ ಬಣ್ಣದ ಜೊತೆ ಉಪ್ಪೂ ಹೋಗುತ್ತದೆ. ಪಿಂಗಾಣಿ, ಪ್ಲಾಸ್ಟಿಕ್ ನಿಧಾನ ಆರುತ್ತವೆ, ಸುಟ್ಟ ಮಣ್ಣಿನ ಕುಂಡ ಬೇಗ. ಬೇರಿಗಿಂತ ದೊಡ್ಡ ಕುಂಡ ಎಲ್ಲಕ್ಕಿಂತ ಕೆಟ್ಟದ್ದು: ಬೇರು ತಲುಪದ ಮೂಲೆಯ ನೀರನ್ನು ಹೀರುವವರು ಯಾರೂ ಇಲ್ಲ.

ಇಷ್ಟು ಹೇಳಿದರೂ ನಿಮಗೆ ಸಂಖ್ಯೆಯೇ ಬೇಕು ಎಂದು ಗೊತ್ತು. ಬೆಂಗಳೂರಿನಲ್ಲಿ ಪೂರ್ವಕ್ಕೆ ತೆರೆದ ನನ್ನ ಬಾಲ್ಕನಿಯ ಲೆಕ್ಕ ಕೊಡುತ್ತೇನೆ. ಇದನ್ನು ಪಂಚಾಂಗ ಮಾಡಿಕೊಳ್ಳಬೇಡಿ. ಐದು ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿ, ತೊಗಟೆಯಲ್ಲಿರುವ ಫಲೆನಾಪ್ಸಿಸ್‌ಗೆ ಮಾರ್ಚ್‌ನಿಂದ ಮೇ ನಡುವಿನವರೆಗೆ ನಾಲ್ಕೈದು ದಿನಕ್ಕೊಮ್ಮೆ. ಜುಲೈ, ಆಗಸ್ಟ್‌ನಲ್ಲಿ ಮೋಡ ಕವಿದು ಜಿಟಿಜಿಟಿ ಹಿಡಿದಾಗ ಎಂಟು ಹತ್ತು ದಿನಕ್ಕೊಮ್ಮೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಏಳೆಂಟು ದಿನಕ್ಕೊಮ್ಮೆ. ಅದೇ ಗಿಡ ಸ್ಫ್ಯಾಗ್ನಮ್‌ನಲ್ಲಿದ್ದರೆ ಈ ಅಂತರ ಹೆಚ್ಚುಕಡಿಮೆ ಇಮ್ಮಡಿ. ಮಣ್ಣಿನ ಕುಂಡದಲ್ಲಿ ಇದ್ದಿಲು, ಇಟ್ಟಿಗೆ ಚೂರಿನಲ್ಲಿರುವ ಡೆಂಡ್ರೋಬಿಯಂಗೆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ, ಗಾಳಿ ಜೋರಿದ್ದರೆ ದಿನವೂ. ಬುಟ್ಟಿಯಲ್ಲಿ ಬರಿಬೇರು ಬಿಟ್ಟುಕೊಂಡು ನೇತಾಡುವ ವಾಂಡಾಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ಕೊಟ್ಟರೂ ಕಡಿಮೆಯೇ. ನೋಡಿ, ಒಂದೇ ಬಾಲ್ಕನಿ, ಒಂದೇ ತಿಂಗಳು, ದಿನಕ್ಕೆರಡು ಸಲದಿಂದ ಹತ್ತು ದಿನಕ್ಕೊಮ್ಮೆಯವರೆಗೆ.

ಮಂಗಳೂರು, ಉಡುಪಿಯ ಓದುಗರು ಮಳೆಗಾಲದಲ್ಲಿ ನೀರು ಹಾಕುವ ಚಿಂತೆ ಬಿಟ್ಟು ಗಿಡವನ್ನು ಸೂರಿನಡಿಗೆ, ಗಾಳಿಯಾಡುವ ಕಡೆಗೆ ತರುವ ಚಿಂತೆ ಮಾಡಲಿ. ಕಲಬುರಗಿ, ರಾಯಚೂರಿನವರಿಗೆ ಬೇಸಿಗೆಯಲ್ಲಿ ಫಲೆನಾಪ್ಸಿಸ್ ಕಷ್ಟದ ಸಾಕಣೆ. ಡೆಂಡ್ರೋಬಿಯಂ ಹಿಡಿಯಿರಿ, ಪಶ್ಚಿಮದ ಬಿಸಿಲಿನಿಂದ ದೂರವಿಡಿ.

ಈಗ ನೀರು ಹಾಕುವ ಬಗೆ. ಒಂದು ಲೋಟ ಎಂಬ ಅಳತೆಯನ್ನು ಮರೆತುಬಿಡಿ. ಹದ ಬಂದ ದಿನ ಬೆಳಿಗ್ಗೆ ಕುಂಡವನ್ನು ಬಚ್ಚಲಿಗೆ ಒಯ್ದು, ತಳದ ತೂತುಗಳಿಂದ ನೀರು ಧಾರೆಯಾಗಿ ಹರಿಯುವವರೆಗೆ ಅರ್ಧ ನಿಮಿಷ, ಒಂದು ನಿಮಿಷ ಸುರಿಯಿರಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಮೊದಲ ಸಲದ ನೀರು ಒಣ ವೆಲಮೆನ್ ಮತ್ತು ತೊಗಟೆಯನ್ನು ಎಚ್ಚರಿಸುತ್ತದೆ, ಎರಡನೆಯದನ್ನು ಅವು ಕುಡಿಯುತ್ತವೆ. ಹರಿದುಹೋಗುವ ನೀರು ಕುಂಡದೊಳಗಿನ ಹಳೆಯ ಗಾಳಿಯನ್ನು ತಳ್ಳಿ ಹೊಸ ಗಾಳಿ ಎಳೆಯುತ್ತದೆ, ಉಳಿದ ಉಪ್ಪನ್ನೂ ತೊಳೆಯುತ್ತದೆ. ಪೂರ್ತಿ ಸೋರಿದ ಮೇಲೆಯೇ ಜಾಗಕ್ಕೆ ಇಡಿ. ಎಲ್ಲ ಕುಂಡಗಳನ್ನೂ ಒಂದೇ ಬಕೆಟ್ ನೀರಿನಲ್ಲಿ ಸರದಿಯಂತೆ ಅದ್ದುವ ಅಭ್ಯಾಸ ಬೇಡ. ಒಂದರ ಕೊಳೆರೋಗ ಎಲ್ಲಕ್ಕೂ ಹಂಚಿದಂತಾಗುತ್ತದೆ. ನೀಲಿ ಕುಂಡ ಚೆಂದವಿದೆ, ಎಸೆಯಬೇಡಿ. ಅದರ ತಳದಲ್ಲಿ ಎರಡು ಇಂಚು ಜಲ್ಲಿ ಹಾಕಿ, ಒಳಕುಂಡ ಜಲ್ಲಿಯ ಮೇಲೆ ನಿಲ್ಲಲಿ. ನೀರು ಹಾಕಲು ಮಾತ್ರ ಪ್ರತಿ ಸಲ ಹೊರಗೆ ತೆಗೆಯಿರಿ.

ಬೆಳಿಗ್ಗೆಯೇ ಏಕೆ ಎಂದರೆ, ಎಲೆಗಳ ನಡುವಿನ ಸುಳಿಯಲ್ಲಿ ನಿಂತ ನೀರು ರಾತ್ರಿಗೆ ಮುನ್ನ ಆರಬೇಕು. ಕಾಡಿನಲ್ಲಿ ಫಲೆನಾಪ್ಸಿಸ್ ಮರಕ್ಕೆ ಓರೆಯಾಗಿ ಜೋತುಬಿದ್ದಿರುತ್ತದೆ, ಸುಳಿಗೆ ಬಿದ್ದ ಮಳೆ ಜಾರಿಹೋಗುತ್ತದೆ. ನಾವು ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿ ಅದನ್ನು ಬಟ್ಟಲು ಮಾಡಿದ್ದೇವೆ. ಅಲ್ಲಿ ರಾತ್ರಿಯಿಡೀ ನೀರು ನಿಂತರೆ ಸುಳಿ ಕೊಳೆಯುತ್ತದೆ. ಬೇರು ಕೊಳೆತ ಗಿಡವನ್ನು ಉಳಿಸಬಹುದು, ಸುಳಿ ಕೊಳೆತ ಫಲೆನಾಪ್ಸಿಸ್ ಉಳಿಯುವುದು ಅಪರೂಪ, ಏಕೆಂದರೆ ಅದು ಬೆಳೆಯುವುದು ಆ ಒಂದೇ ತುದಿಯಿಂದ. ನೀರು ನಿಂತಿದ್ದು ಕಂಡರೆ ಟಿಶ್ಯೂ ಕಾಗದದ ಮೂಲೆ ಅದ್ದಿ ತೆಗೆಯಿರಿ.

ಆದ್ದರಿಂದ ಪಕ್ಕದ ಮನೆಯವರ ಚಿಮುಕಿಸುವ ಸಲಹೆಗೆ ನನ್ನ ಅರ್ಧ ಒಪ್ಪಿಗೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಫಲೆನಾಪ್ಸಿಸ್‌ಗೆ ಹಿತವಾದದ್ದು ಶೇ 50ರಿಂದ 70. ಬೆಳಗಿನ ಹೊತ್ತು ಹೊರಬೇರುಗಳಿಗೆ ಚಿಮುಕಿಸಿದರೆ ಒಳ್ಳೆಯದೇ. ಎಲೆಗೆ, ಸುಳಿಗೆ, ಸಂಜೆಗೆ ಬೇಡ. ಚಿಮುಕಿಸಿದ ತೇವ ಕೆಲವು ನಿಮಿಷ ಇದ್ದು ಹಾರಿಹೋಗುತ್ತದೆ, ಅದು ನೀರುಣಿಸಿದ್ದಕ್ಕೆ ಸಮವಲ್ಲ. ಅಗಲವಾದ ತಟ್ಟೆಯಲ್ಲಿ ಜಲ್ಲಿ, ಜಲ್ಲಿ ಮುಳುಗದಷ್ಟು ನೀರು, ಅದರ ಮೇಲೆ ಕುಂಡ: ಇದು ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ನಾಲ್ಕು ಗಿಡಗಳನ್ನು ಒಟ್ಟಿಗೆ ಇಟ್ಟರೂ ಒಂದರ ಉಸಿರು ಇನ್ನೊಂದಕ್ಕೆ ತೇವ.

ಮೊಗ್ಗು ಉದುರಿದ್ದಕ್ಕೂ ನೀರಿಗೂ ಅಷ್ಟು ಸಂಬಂಧವಿರಲಾರದು. ಒಣಗಾಳಿ, ಜಾಗ ಬದಲಾದ ದಣಿವು ಎರಡೂ ಇರಬಹುದು. ಆದರೆ ಊಟದ ಮೇಜಿನ ಚಿತ್ರದಲ್ಲಿ ಗಿಡದ ಪಕ್ಕದಲ್ಲೇ ಒಂದು ಚಿಪ್ಪು ಬಾಳೆಹಣ್ಣು ಕಂಡಿತು. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಆರ್ಕಿಡ್ ಮೊಗ್ಗಿಗೆ ಅದು ಆಗದು. ಇನ್ನೇನು ಮಾವಿನ ಕಾಲ. ಹಣ್ಣಿನ ಬುಟ್ಟಿಯನ್ನಾದರೂ ಸರಿಸಿ, ಗಿಡವನ್ನಾದರೂ ಸರಿಸಿ.

ಐಸ್ ತುಂಡಿನ ಮಾತು ಕೇಳಿದರೆ ಹಳಬರು ಸಿಟ್ಟಾಗುತ್ತಾರೆ, ನಾನೂ ಆಗುತ್ತಿದ್ದೆ. ಅಮೆರಿಕದಲ್ಲಿ ವಾರಕ್ಕೆ ಮೂರು ಐಸ್ ತುಂಡು ಇಡಿ ಎಂದೇ ಫಲೆನಾಪ್ಸಿಸ್ ಮಾರುತ್ತಾರೆ. ಓಹಾಯೊ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು: ತೊಗಟೆಯಲ್ಲಿದ್ದ ಗಿಡಗಳಿಗೆ ಹಾನಿಯಾಗಲಿಲ್ಲ, ಹೂವಿನ ಆಯುಷ್ಯವೂ ಕಡಿಮೆಯಾಗಲಿಲ್ಲ. ಒಪ್ಪಲೇಬೇಕು. ಅದರ ಗುಟ್ಟು ಮಂಜಿನಲ್ಲಿಲ್ಲ, ಅಳತೆಯಲ್ಲಿದೆ: ಮೂರು ತುಂಡು ಕರಗಿದರೆ ಬರುವ ನೀರು ಸ್ವಲ್ಪ, ಹೆಚ್ಚಾಗಿ ಸುರಿಯುವ ಕೈಗೆ ಅದು ಕಡಿವಾಣ. ಮನೆಯೊಳಗೆ ಗಾಳಿಯಾಡದ ಕಿಟಕಿಯಲ್ಲಿ ಅದು ನಡೆಯುತ್ತದೆ. ಏಪ್ರಿಲ್‌ನ ಬೆಂಗಳೂರು ಬಾಲ್ಕನಿಯಲ್ಲಿ ಮೂರು ತುಂಡು ಐಸ್ ಎಂದರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬೇರನ್ನು ತೊಳೆಯುವ ಕೆಲಸವೂ ಅದರಿಂದ ಆಗುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳು ಐಸ್ ಹಾಕಿಯೇ ಮೂರು ವರ್ಷ ಹೂ ತೆಗೆದಿದ್ದಾಳೆ. ಅವಳಿಗೆ ನಾನು ಏನೂ ಹೇಳಹೋಗುವುದಿಲ್ಲ.

ಯಾವ ನೀರು ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. ಮಳೆನೀರಿಗೆ ಸಾಟಿಯಿಲ್ಲ. ಕಾವೇರಿ ನೀರು ನಡೆಯುತ್ತದೆ. ಕೊಳವೆಬಾವಿಯದು, ಟ್ಯಾಂಕರಿನದು ಬಹಳ ಕಡೆ ಗಡಸು. 2024ರ ಬೇಸಿಗೆಯಲ್ಲಿ ಊರೆಲ್ಲ ನೀರಿಗೆ ಪರದಾಡುತ್ತಿದ್ದಾಗ ನಾನೂ ಎರಡು ತಿಂಗಳು ಟ್ಯಾಂಕರ್ ನೀರನ್ನೇ ಹಾಕಿದೆ. ಬೇರಿನ ತುದಿಗಳು ಕಪ್ಪಾದವು, ಇದ್ದಿಲಿನ ಮೇಲೆ ಬಿಳಿ ಉಪ್ಪು ಕಟ್ಟಿತು. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ತೆಗೆದುಕೊಳ್ಳಿ. 200ರ ಒಳಗಿದ್ದರೆ ನಿಶ್ಚಿಂತೆ, 500 ದಾಟಿದರೆ ಬೇಡವೇ ಬೇಡ. ಆರ್‌ಒ ಯಂತ್ರದಿಂದ ಹೊರಬೀಳುವ ವ್ಯರ್ಥ ನೀರನ್ನು ಗಿಡಕ್ಕೆ ಹಾಕುವ ಮಿತವ್ಯಯಿಗಳು ಆರ್ಕಿಡ್ ಬಿಟ್ಟು ಬೇರೆಯದಕ್ಕೆ ಹಾಕಲಿ, ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಸೋಡಿಯಂ ಸೇರಿಸುವ ಸಾಫ್ಟ್‌ನರ್ ನೀರೂ ಹಾಗೆಯೇ. ಗೊಬ್ಬರ ಕೊಡುವುದಾದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಅನ್ನು ಲೀಟರಿಗೆ ಅರ್ಧ ಗ್ರಾಂ, ಅದೂ ಬೇರು ನೆನೆದ ಮೇಲೆ, ನಾಲ್ಕನೆಯ ಸಲ ಬರಿ ನೀರು. ಬೇರು ಕೊಳೆತ ಗಿಡಕ್ಕೆ ಗೊಬ್ಬರ ಬೇಡ.

ಆ ಜೋತ ಗಿಡಕ್ಕೆ ಈಗ ಏನು ಮಾಡಬೇಕು? ಹಳೆಯ ದಿನಪತ್ರಿಕೆ ಹಾಸಿ, ಕುಂಡವನ್ನು ಸುತ್ತಲೂ ಮೆಲ್ಲಗೆ ಅದುಮಿ ಗಿಡವನ್ನು ಹೊರತೆಗೆಯಿರಿ. ಪಾಚಿಯನ್ನು ಎಳೆಯಬೇಡಿ, ನೀರಿನಲ್ಲಿ ನೆನೆಸಿ ಬಿಡಿಸಿ. ಬೇರುಗಳು ಒಂದೊಂದಾಗಿ ಕಂಡಾಗ ಪ್ರತಿಯೊಂದನ್ನೂ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಅಗುಳು ಹಿಚುಕಿದ ಹಾಗೆ ಒತ್ತಿ. ಗಟ್ಟಿಯಾಗಿದ್ದರೆ ಜೀವ ಇದೆ, ಬಣ್ಣ ಕಂದಾಗಿದ್ದರೂ ಪರವಾಗಿಲ್ಲ. ಪಾಚಿಯೊಳಗೆ ಬೆಳಕು ಕಾಣದ ಬೇರು ಹಳದಿ, ಕಂದು ಇರುವುದುಂಟು. ಒತ್ತಿದಾಗ ಲೊಳಕ್ಕೆಂದು ಚಪ್ಪಟೆಯಾಗಿ, ಸಿಪ್ಪೆ ಬೆರಳಿಗೆ ಬಂದು ನಡುವೆ ಬಿಳಿ ದಾರ ಉಳಿದರೆ ಅದು ಸತ್ತಿದೆ. ಕತ್ತರಿಯನ್ನು ಬೆಂಕಿಗೆ ಹಿಡಿದು ಸತ್ತದ್ದನ್ನೆಲ್ಲ ಗಟ್ಟಿ ಭಾಗದವರೆಗೆ ಕತ್ತರಿಸಿ. ಕತ್ತರಿಸಿದ ಬಾಯಿಗೆ ಮಾತ್ರ ದಾಲ್ಚಿನ್ನಿ ಪುಡಿ ಮುಟ್ಟಿಸಬಹುದು. ಒಳ್ಳೆಯ ಬೇರಿನ ಮೇಲೆ ಬಿದ್ದರೆ ಅದನ್ನೂ ಒಣಗಿಸುತ್ತದೆ. ಹೂದಂಟು ಇನ್ನೂ ಇದ್ದರೆ ಬುಡದಲ್ಲಿ ಕತ್ತರಿಸಿ. ನೋವಾಗುತ್ತದೆ, ಆದರೆ ಬೇರಿಲ್ಲದ ಗಿಡಕ್ಕೆ ಹೂ ಸಾಲದ ಹೊರೆ.

ಅರ್ಧ ದಿನ ನೆರಳಿನಲ್ಲಿ ಆರಲು ಬಿಟ್ಟು, ಉಳಿದ ಬೇರು ಹಿಡಿಸುವಷ್ಟೇ ಚಿಕ್ಕ ಕುಂಡಕ್ಕೆ, ಬಹುಶಃ ನಾಲ್ಕು ಇಂಚಿನದಕ್ಕೆ, ತೊಗಟೆ ಅಥವಾ ತೊಳೆದ ತೆಂಗಿನ ಸಿಪ್ಪೆಯ ತುಂಡು ಮತ್ತು ಇದ್ದಿಲಿನಲ್ಲಿ ಕೂರಿಸಿ. ಗಿಡ ಅಲ್ಲಾಡದಂತೆ ಕಡ್ಡಿಗೆ ಕಟ್ಟಿ. ಅಲ್ಲಾಡಿದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ. ನೇರ ಬಿಸಿಲು ಬೀಳದ, ಬೆಳಕಿರುವ ಜಾಗ. ಮೊದಲ ನೀರು ಮೂರನೆಯ ದಿನ. ಸುಕ್ಕಾದ ಹಳೆಯ ಎಲೆ ಪೂರ್ತಿ ಸರಿಹೋಗುವುದಿಲ್ಲ, ಅದನ್ನೇ ನೋಡುತ್ತ ಕೊರಗಬೇಡಿ. ಬುಡದಲ್ಲಿ ಹಸಿರು ಮೂತಿಯ ಹೊಸ ಬೇರು ಒಡೆಯುತ್ತದೆಯೇ ನೋಡಿ, ಒಂದೂವರೆ ತಿಂಗಳಾದರೂ ಹಿಡಿಯಬಹುದು.

ಊಟದ ಮೇಜಿನ ಫಲೆನಾಪ್ಸಿಸ್‌ನ ಎಲೆ ಬಿಗಿಯಾಗಿದೆ, ಅದನ್ನು ಈಗ ಕೆದಕಬೇಡಿ. ಉಳಿದ ಹೂ ಮುಗಿದ ಮೇಲೆ ಪಾಚಿ ಬದಲಿಸಿದರೆ ಸಾಕು.

ಇನ್ನು ಡೆಂಡ್ರೋಬಿಯಂ. ಅದರ ವಿಷಯದಲ್ಲಿ ನೀವು ಹೆದರಿರುವುದು ಸುಮ್ಮನೆ. ಕಬ್ಬಿನ ಜಲ್ಲೆಯಂತೆ ಗಿಣ್ಣು ಗಿಣ್ಣಾಗಿರುವ ಆ ದಂಟುಗಳಲ್ಲಿ ನೀರು, ಆಹಾರ ಎರಡೂ ಕೂಡಿಟ್ಟಿರುತ್ತದೆ. ಹೂಬಿಟ್ಟ ಹಳೆಯ ದಂಟು ಎಲೆ ಉದುರಿಸುವುದು ಅದರ ಕ್ರಮ. ಉದುರಿದ್ದು ಕೆಳಗಿನ ಹಳೆಯ ಎಲೆಗಳೇ ಆಗಿದ್ದು, ದಂಟು ತುಂಬಿಕೊಂಡು ಗಟ್ಟಿಯಾಗಿದ್ದರೆ ಏನೂ ಆಗಿಲ್ಲ. ದಂಟೇ ಒಣದ್ರಾಕ್ಷಿಯಂತೆ ಸುಕ್ಕಾಗಿದ್ದರೆ ಮಾತ್ರ ಅದಕ್ಕೆ ನೀರು ಸಾಲದು. ನಿಮ್ಮ ಚಿತ್ರದಲ್ಲಿ ಅದು ಮಣ್ಣಿನ ಕುಂಡದಲ್ಲಿ, ಇಟ್ಟಿಗೆ ಚೂರಿನಲ್ಲಿದೆ; ಈ ಬಿಸಿಲಿಗೆ ಭಾನುವಾರಕ್ಕೊಂದು ಲೋಟ ಅದಕ್ಕೆ ಯಾವ ಲೆಕ್ಕ? ಒಂದೇ ಲೋಟದಿಂದ ಒಂದನ್ನು ಮುಳುಗಿಸಿ ಇನ್ನೊಂದನ್ನು ಒಣಗಿಸಿದ್ದೀರಿ. ಬೋಳು ದಂಟನ್ನು ಸತ್ತಿತೆಂದು ಕತ್ತರಿಸಬೇಡಿ, ಹೊಸ ಚಿಗುರು ಅದರ ಉಗ್ರಾಣದಿಂದಲೇ ಉಣ್ಣುತ್ತದೆ. ಬುಡದಲ್ಲಿ ಹಸಿರು ಮೊಳಕೆ ಕಂಡ ದಿನದಿಂದ ಅದು ಬಲಿಯುವವರೆಗೆ ಧಾರಾಳವಾಗಿ ನೀರು ಕೊಡಿ. ಚಳಿಗಾಲಕ್ಕೆ ಕಡಿಮೆ ಮಾಡಿ. ಅದರಲ್ಲೂ ನೊಬಿಲೆ ಜಾತಿಯವಾದರೆ ನವೆಂಬರ್‌ನಿಂದ ಮೊಗ್ಗು ಕಾಣುವವರೆಗೆ ದಂಟು ತೀರ ಸುಕ್ಕಾಗದಷ್ಟು ನೀರು ಸಾಕು; ಆಗಲೂ ಧಾರಾಳವಾಗಿ ಕೊಟ್ಟರೆ ಹೂ ಬರಬೇಕಾದ ಗಿಣ್ಣಿನಲ್ಲಿ ಮರಿಗಿಡ ಬರುತ್ತದೆ.

ಇವತ್ತು ನೀರು ಬೇಕಾಗಿರುವುದು ಈ ಡೆಂಡ್ರೋಬಿಯಂ ಒಂದಕ್ಕೇ. ಅದನ್ನು ಬಚ್ಚಲಿಗೆ ಒಯ್ಯಿರಿ.